ಸೊಸೆಯ ಹುಣ್ಣಿಗೆ ಘಟನೋತ್ತರ ಮಂಜೂರಾತಿ

ಇಂದ:
ವಿಜಯಮಹಾಂತೇಶ,
ತಮ್ಮ ದಿವಂಗತ ತಮ್ಮನ ಮಗ,
ಸೀರೆ ಅಂಗಡಿಯೊಂದರ ನೌಕರ,
ಮಹಡಿ ಕೋಣೆ, ಇಳಕಲ್.

ಗೆ:
ಶ್ರೀ ಈರಪ್ಪನವರು,
ನಿವೃತ್ತ ಶಿರಸ್ತೇದಾರರು,
ಹಾಲಿ ಮನೆಯ ಯಜಮಾನರು ಹಾಗೂ ಊಟದ ಸರದಿ ನಿರ್ಧರಣಾ ಪ್ರಾಧಿಕಾರಿಗಳು,
ಕೆಳಗಿನ ಪಡಸಾಲೆ, ಅದೇ ಮನೆ, ಇಳಕಲ್.

ವಿಷಯ: ನನ್ನ ಹೆಂಡತಿ ದಾನೇಶ್ವರಿಯ ಹೊಟ್ಟೆಯೊಳಗೆ ತಮ್ಮ ಪೂರ್ವಾನುಮತಿ ಇಲ್ಲದೆ ದುರ್ಬೀನು ಇಳಿಸಿದ್ದಕ್ಕೆ ಮತ್ತು ಅಲ್ಲಿ ಹುಣ್ಣು ಸಿಕ್ಕಿದ್ದಕ್ಕೆ ಘಟನೋತ್ತರ ಮಂಜೂರಾತಿ ನೀಡುವ ಬಗ್ಗೆ, ಹಾಗೂ ಆಕೆ ಮಧ್ಯಾಹ್ನ ಒಂದು ಗಂಟೆಗೆ, ಅಂದರೆ ತಮಗಿಂತ ಮೊದಲು, ಉಣ್ಣಲು ಅವಕಾಶ ಕೋರಿ.

ಉಲ್ಲೇಖ:
1) ನಿನ್ನೆ ಸಂಜೆ ಪಡಸಾಲೆಯಲ್ಲಿ ತಮ್ಮ ಮೌಖಿಕ ಆದೇಶ: "ಬಾಯಿಲೆ ಹೇಳಬ್ಯಾಡ. ಬರದ್ ಕೊಡು, ನೋಡೂಣು."
2) ನವನಗರದ ಖಾಸಗಿ ಆಸ್ಪತ್ರೆಯೊಂದರ ಎಂಡೋಸ್ಕೋಪಿ ವರದಿ.
3) ದೊಡ್ಡವ್ವ ಚಂದವ್ವನವರ ಅಡುಗೆಮನೆ ಷರಾ: "ಯಜಮಾನರದು ಇನ್ನ ಊಟ ಆಗಿಲ್ಲ."

ಮಾನ್ಯ ದೊಡ್ಡಪ್ಪನವರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ:

1. ಈ ಮನೆಯಲ್ಲಿ ಹೊಟ್ಟೆ ಎಂಬುದು ಖಾಸಗಿ ಆಸ್ತಿಯಲ್ಲ, ಸಾರ್ವಜನಿಕ ಸ್ವತ್ತು ಎಂಬುದನ್ನು ನಾನು ಮೊದಲೇ ಒಪ್ಪಿಕೊಳ್ಳುತ್ತೇನೆ. ಗಂಡಸರ ಹೊಟ್ಟೆ ಮಾತ್ರ. ತಮ್ಮ ಮಲಬದ್ಧತೆ ಯಾವಾಗ ಶುರುವಾಯಿತು, ಯಾವಾಗ ಬಿಡುಗಡೆಯಾಯಿತು ಎಂಬುದು ಬೆಳಗಿನ ಚಹಾದ ಹೊತ್ತಿಗೆ ಹಿತ್ತಲಿನಿಂದ ಬೀದಿಯ ತನಕ ಪ್ರಕಟವಾಗುತ್ತದೆ. ತಮ್ಮ ಪಿತ್ತಕೋಶದಿಂದ ತೆಗೆದ ಹರಳು ಸಣ್ಣ ಬಾಟಲಿಯಲ್ಲಿ, ಪಡಸಾಲೆಯ ಕಪಾಟಿನಲ್ಲಿ, ಉತ್ತಮ ನೌಕರ ಫಲಕದ ಪಕ್ಕದಲ್ಲಿದೆ. ಬಂದ ಬೀಗರಿಗೆಲ್ಲ ತಾವು ಅದನ್ನು ಬೆಳಕಿಗೆ ಹಿಡಿದು ತೋರಿಸಿ, "ಇಳಕಲ್ ಗ್ರಾನೈಟ್ ನೋಡ್ರಿ, ಪಾಲಿಷ್ ಅಷ್ಟ ಬಾಕಿ" ಎನ್ನುತ್ತೀರಿ. ಬೀಗರು ನಗುತ್ತಾರೆ, ಏಕೆಂದರೆ ಅವರಿಗೆ ಇನ್ನೂ ಊಟ ಬಡಿಸಿರುವುದಿಲ್ಲ.

2. ಇದೇ ಸಂಪ್ರದಾಯಕ್ಕೆ ಅನುಗುಣವಾಗಿ, ನನಗೆ ಎದೆಯುರಿ ಮತ್ತು ಹುಳಿತೇಗು ಕಾಣಿಸಿಕೊಂಡಾಗ ಮನೆ ತಡಮಾಡದೆ ಕಾರ್ಯಪ್ರವೃತ್ತವಾಯಿತು. ತಾವು ನನ್ನ ಹೊಕ್ಕುಳಿನ ಮೇಲೆ ಎರಡು ಬೆರಳಿಟ್ಟು, ಕಣ್ಣು ಮುಚ್ಚಿ, "ಬಟ್ಟಿ ಸರದೈತಿ" ಎಂದು ಆದೇಶ ಹೊರಡಿಸಿದಿರಿ. ಹೊಕ್ಕುಳು ತನ್ನ ಜಾಗ ಬಿಟ್ಟು ಹೋಗಿದೆ ಎಂದರ್ಥ. ಓಡಿಹೋದ ಹೊಕ್ಕುಳನ್ನು ಮರಳಿ ಕರೆತರುವವರ ಬಳಿ ನನ್ನನ್ನು ಒಯ್ಯಲಾಯಿತು. ಅವರು ಹೊಟ್ಟೆಯ ಮೇಲೆ ದೀಪ ಹಚ್ಚಿಟ್ಟು, ತಂಬಿಗೆ ಕವುಚಿ, ನನ್ನ ಹೊಟ್ಟೆಯ ಅರ್ಧಭಾಗವನ್ನು ತಂಬಿಗೆಯೊಳಗೆ ಎಳೆದುಕೊಂಡರು. ಹೊಕ್ಕುಳು ಬಂತು. ಎದೆಯುರಿ ಹೋಗಲಿಲ್ಲ. ನಂತರ ಹೊಟ್ಟೆಗೆ ತಣ್ಣನೆಯ ಅಂಟು ಸವರಿ ಸ್ಕ್ಯಾನ್ ಮಾಡಿಸಲಾಯಿತು. ಗಾಳಿ ಬಿಟ್ಟರೆ ಒಳಗೆ ಗಮನಾರ್ಹವಾದದ್ದು ಏನೂ ಇಲ್ಲ ಎಂದು ತಿಳಿದುಬಂತು. ತಾವು ಅದನ್ನು ಪಿಂಚಣಿದಾರರ ಸಂಘದಲ್ಲಿ ಓದಿ ಹೇಳಿದಿರಿ. ಅವರಲ್ಲಿ ಇಬ್ಬರು ನನಗೆ ಬೇರೆ ಬೇರೆ ಚೂರ್ಣ ಕಳಿಸಿದರು.

3. ಕಾರಣ, ಕೊನೆಯ ಹಂತವಾಗಿ ನವನಗರದ ಆಸ್ಪತ್ರೆಯಲ್ಲಿ ನನಗೆ ಎಂಡೋಸ್ಕೋಪಿ ಗೊತ್ತುಮಾಡಲಾಯಿತು. ಬಾಯಿಯ ಮೂಲಕ ಕ್ಯಾಮೆರಾ ಇರುವ ನಳಿಗೆಯನ್ನು ಇಳಿಸಿ ಜಠರವನ್ನು ನೇರವಾಗಿ ನೋಡುವ ಈ ಕ್ರಮಕ್ಕೆ ಷರತ್ತು ಒಂದೇ: ಹಿಂದಿನ ರಾತ್ರಿಯಿಂದ ಹೊಟ್ಟೆ ಖಾಲಿ ಇರಬೇಕು. ಜೊತೆಗೆ ಒಬ್ಬರು ಬರಬೇಕು ಎಂದಿದ್ದರಿಂದ ದಾನೇಶ್ವರಿಯನ್ನು ನಿಯೋಜಿಸಲಾಯಿತು. ನಿಯೋಜಿಸಿದವರು ತಾವು. ಆಕೆಯ ಕೆಲಸ ನೀರಿನ ಬಾಟಲಿ ಹಿಡಿಯುವುದು.

4. ಹಿಂದಿನ ರಾತ್ರಿಯ ಸಂಗತಿ. ನನಗೆ ಬೇಗ ಊಟ ಹಾಕಲಾಯಿತು, ನಾಳೆ ತಿನ್ನುವಂತಿಲ್ಲ ಎಂಬ ಕಾರಣಕ್ಕೆ ಎರಡು ರೊಟ್ಟಿ ಹೆಚ್ಚು. ಆಮೇಲೆ ತಾವು ಉಂಡಿರಿ. ತಮ್ಮ ಜೊತೆ ಬಂದ ಸಂಘದ ಕಾರ್ಯದರ್ಶಿಗಳು ಉಂಡರು. ದೊಡ್ಡವ್ವ ಉಳಿದದ್ದರಲ್ಲಿ ಉಂಡರು. ದಾನೇಶ್ವರಿಯ ಸರದಿ ಬಂದಾಗ ಬುಟ್ಟಿಯಲ್ಲಿ ರೊಟ್ಟಿಯ ಚೂರು, ಬೋಗುಣಿಯಲ್ಲಿ ಪಲ್ಯದ ಎಣ್ಣೆ ಇದ್ದವು. ಆಕೆ ನೀರು ಕುಡಿದು ಮಲಗಿದಳು. ಇದು ಆ ದಿನದ ವಿಶೇಷವಲ್ಲ, ದಾಖಲೆಗಾಗಿ ಹೇಳಿದೆ.

5. ಬೆಳಿಗ್ಗೆ ಹೊರಡುವಾಗ ದೊಡ್ಡವ್ವ ನನ್ನ ಕೈಗೆ ಚಹಾದ ಕಪ್ಪು ಕೊಟ್ಟರು. ನಾನು ಆಕ್ಷೇಪಣೆ ಸಲ್ಲಿಸಿದೆ. "ಚಾ ಏನ್ ತಿನ್ನೂದೇನೋ ಮಾಂತೂ? ನೀರಿದ್ದಂಗ ಅದು," ಎಂದರು. ಬರಿಯ ಚಹಾ ಕುಡಿದು ದೂರ ಹೋಗಬಾರದೆಂದು ಒಂದು ಬೊಗಸೆ ಅವಲಕ್ಕಿ ಚೂಡಾ ಸೇರಿಸಿದರು. ದಾನೇಶ್ವರಿ ಆಗ ಅಂಗಳ ಸಾರಿಸುತ್ತಿದ್ದಳು. ಆಕೆ ಕೈ ತೊಳೆಯುವಷ್ಟರಲ್ಲಿ ಬಸ್ಸಿಗೆ ಹೊತ್ತಾಗಿತ್ತು.

6. ಹುನಗುಂದದ ಬಸ್ ನಿಲ್ದಾಣದಲ್ಲಿ ತಮ್ಮ ತಂಗಿ, ನನ್ನ ಸೋದರತ್ತೆ ಬಾಳಮ್ಮನವರು, ಸ್ಟೀಲ್ ಡಬ್ಬಿ ಹಿಡಿದು ಕಾಯುತ್ತಿದ್ದರು. ತಾವೇ ಫೋನ್ ಮಾಡಿ ತಿಳಿಸಿದ್ದಿರಿ. ಅವರು ಕಿಟಕಿಯ ಕೆಳಗೆ ನಿಂತು ನಡೆಸಿದ ವಿಚಾರಣೆ ಹೀಗಿದೆ:

"ದವಾಖಾನಿಗೆ ಖಾಲಿ ಹೊಟ್ಟಿಲೆ ಹೊಂಟೀ ಅಂತಲ್ಲ, ನಿನ್ನ ಹಣಿಬರಾ ಏನಂತೀನಿ! ಬಾಯಿ ತಗಿ."

"ಅತ್ತಿ, ಏನೂ ತಿನ್ನಬ್ಯಾಡ ಅಂದಾರ."

"ಊಟ ಮಾಡಬ್ಯಾಡ ಅಂದಿರ್ತಾರ. ನಾ ಎಲ್ಲಿ ಊಟಕ್ಕ ಕರದೆ? ಬರೇ ಉಂಡಿ. ಶೇಂಗಾ ಉಂಡಿ."

"ಡಾಕ್ಟರ್ ಬೈತಾರ."

"ಬೈಲಿ. ಅವರ ಅವ್ವ ಕೊಟ್ಟಿದ್ರ ಅವರೂ ತಿಂತಿದ್ರು."

ಬಸ್ಸಿನವರೆಲ್ಲ ನೋಡುತ್ತಿದ್ದರು. ಕೊಟ್ಟವರ ಕೈಯನ್ನು ತಿರುಗಿಸಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಆದ್ದರಿಂದ ತಿಂದೆ. ಒಂದು ತಿಂದರೆ ಅಶುಭವೆಂದು ಇನ್ನೊಂದು ತಿಂದೆ. ಡಬ್ಬಿಯನ್ನು ದಾನೇಶ್ವರಿಯ ಕೈಗೆ ಕೊಟ್ಟು ಅತ್ತೆ ಹೇಳಿದರು: "ನೀ ಹಿಡಕೊ ಇದನ್ನ. ಅಂವಾ ಹೊರಗ ಬಂದ ಕೂಡ್ಲೆ ಕೊಡು." ಆಕೆ ನವನಗರದ ತನಕ ಡಬ್ಬಿಯನ್ನು ತೊಡೆಯ ಮೇಲೆ ಹಿಡಿದುಕೊಂಡಿದ್ದಳು. ತೆರೆಯಲಿಲ್ಲ. ಅದಕ್ಕೆ ಆದೇಶವಿರಲಿಲ್ಲ.

7. ಆಸ್ಪತ್ರೆಯಲ್ಲಿ ಅಬೇದಾ ಎಂಬ ನರ್ಸ್ ನನ್ನ ಹೆಸರು ಕರೆದು ಕೇಳಿದರು:

"ಏನರ ತಿಂದೀರೇನ್ರಿ?"

"ಇಲ್ರಿ."

"ಚಾ?"

"ಚಾ ಕುಡದೇನ್ರಿ."

"ಚಾದ ಜೋಡಿ?"

"ಚೂಡಾ."

"ಚೂಡಾದ ಮ್ಯಾಲೆ?"

"ಶೇಂಗಾ ಉಂಡಿ. ನಮ್ಮತ್ತಿ ಕೊಟ್ಟಿದ್ರು."

"ಅತ್ತಿ ಕೊಟ್ಟಿದ್ದು ಹೊಟ್ಟ್ಯಾಗ ಹೋಗೂದಿಲ್ಲೇನ್ರಿ? ಕಿಸೆದಾಗ ಹೋಗ್ತೈತಿ?"

ಕಾಯುತ್ತಿದ್ದವರೆಲ್ಲ ನಕ್ಕರು. ತುಂಬಿದ ಹೊಟ್ಟೆಗೆ ನಳಿಗೆ ಇಳಿಸಿದರೆ ತಿಂದದ್ದು ಶ್ವಾಸನಾಳಕ್ಕೆ ಹೋಗಬಹುದು ಎಂದು ಹೇಳಿ ನನ್ನನ್ನು ಅನರ್ಹಗೊಳಿಸಲಾಯಿತು.

8. ಇಲ್ಲಿಂದ ಮುಂದೆ ನಡೆದದ್ದಕ್ಕೆ ಮಂಜೂರಾತಿ ಬೇಕಾಗಿದೆ. ನಾನು ಎದ್ದು ಹೊರಟಾಗ ದಾನೇಶ್ವರಿ ಏಳಲಿಲ್ಲ. ಪಕ್ಕೆಲುಬಿನ ಕೆಳಗೆ ಮುಷ್ಟಿ ಒತ್ತಿಕೊಂಡು, ಉಂಡೆಯ ಡಬ್ಬಿಯ ಮೇಲೆ ಬಾಗಿ ಕುಳಿತಿದ್ದಳು.

"ನಿಮಗೇನ ಆಗೇತ್ರಿ?" ಅಬೇದಾ ಕೇಳಿದರು.

"ಏನಿಲ್ರಿ. ಪಿತ್ತ."

"ಯಾವಾಗಿಂದ?"

"ಮದಿವಿ ಆದಾಗಿಂದ."

ಯಾರೂ ನಗಲಿಲ್ಲ. ಅಬೇದಾ ನನ್ನ ಕಡೆ ಒಮ್ಮೆ ನೋಡಿ, ಮತ್ತೆ ಆಕೆಯನ್ನೇ ಕೇಳಿದರು.

"ಮುಂಜಾನಿ ಏನ್ ತಿಂದ್ರಿ?"

"ಏನಿಲ್ಲ."

"ಚಾ?"

"ಇಲ್ರಿ."

"ರಾತ್ರಿ?"

"ನೀರು."

"ಪೇಷಂಟ್ ಅಂದ್ರ ಹಿಂಗ ಇರಬೇಕು ನೋಡ್ರಿ," ಎಂದು ಅಬೇದಾ ನನಗೆ ಹೇಳಿ, ಆಕೆಯನ್ನು ವೈದ್ಯರ ಕೋಣೆಗೆ ಕರೆದೊಯ್ದರು. ಹೀಗೆ, ನಮ್ಮ ಮನೆಯ ಊಟದ ಕ್ರಮವೊಂದರ ಬಲದಿಂದಲೇ, ಯಾವ ಪ್ರಯತ್ನವೂ ಇಲ್ಲದೆ ದಾನೇಶ್ವರಿ ಪರೀಕ್ಷೆಗೆ ಸಂಪೂರ್ಣ ಅರ್ಹಳಾಗಿದ್ದಳು. ಇದರ ಶ್ರೇಯಸ್ಸು ತಮಗೆ ಸಲ್ಲಬೇಕು.

9. ವೈದ್ಯರು ಆಕೆಯನ್ನು ಮೂರ್ನಾಲ್ಕು ಪ್ರಶ್ನೆ ಕೇಳಿದರು. ನೋವು ಉಂಡ ಮೇಲೋ, ಹಸಿದಾಗಲೋ? ಹಸಿದಾಗ. ನಿದ್ದೆಯಿಂದ ಎಬ್ಬಿಸುತ್ತದೆಯೋ? ಎಬ್ಬಿಸುತ್ತದೆ. ಮಲ ಕಪ್ಪಗೆ, ಡಾಂಬರಿನಂತೆ ಹೋಗಿದೆಯೋ? ಆಕೆ ಗೋಡೆ ನೋಡಿ, "ಹೌದ್ರಿ, ಈಗ ಎರಡು ತಿಂಗಳಾತು" ಎಂದಳು. ಈ ಮನೆಯಲ್ಲಿ ತಮ್ಮ ಮಲದ ವಿವರ ಬೀದಿಗೆಲ್ಲ ಗೊತ್ತಿದ್ದು, ಆಕೆಯದು ಮಗ್ಗುಲಲ್ಲಿ ಮಲಗುವ ನನಗೂ ಗೊತ್ತಿರಲಿಲ್ಲ ಎಂಬುದನ್ನು ವೈದ್ಯರು ಬರೆದುಕೊಳ್ಳಲಿಲ್ಲ. ಕಪ್ಪು ಎಂದರೆ ಒಳಗೆ ರಕ್ತ ಸೋರುತ್ತಿದೆ ಎಂದಷ್ಟೇ ಹೇಳಿದರು.

10. ತಾವು ಎತ್ತಿದ ಮೊದಲ ಆಕ್ಷೇಪಣೆ: "ಸಹಿ ಯಾರು ಮಾಡಿದ್ರು?" ಉತ್ತರ: ಆಕೆಯೇ. ಒಪ್ಪಿಗೆ ಪತ್ರದಲ್ಲಿ ರೋಗಿಯ ಸಹಿಗೆ ಜಾಗವಿತ್ತು. ಯಜಮಾನರ ಸಹಿಗೆ, ಗಂಡನ ದೊಡ್ಡಪ್ಪನ ಸಹಿಗೆ, ನಿವೃತ್ತ ಶಿರಸ್ತೇದಾರರ ಮೊಹರಿಗೆ ಜಾಗ ಬಿಟ್ಟಿರಲಿಲ್ಲ. ಇದು ಮುದ್ರಣದ ದೋಷವೆಂದು ಭಾವಿಸಿ ಕ್ಷಮಿಸಬೇಕು.

11. ಗಂಟಲಿಗೆ ಕಹಿ ಔಷಧಿ ಸಿಂಪಡಿಸಿದರು. ಎಡ ಮಗ್ಗುಲಾಗಿ ಮಲಗಿಸಿ, ಹಲ್ಲಿನ ನಡುವೆ ಪ್ಲಾಸ್ಟಿಕ್ ಉಂಗುರವಿಟ್ಟು, ಕಪ್ಪು ನಳಿಗೆಯನ್ನು ಇಳಿಸಿದರು. ನನಗೆ ಬಾಗಿಲ ಬಳಿ ನಿಲ್ಲಲು ಬಿಟ್ಟಿದ್ದರು. ಪರದೆಯ ಮೇಲೆ ಆಕೆಯ ಒಳಗು ಕಾಣಿಸಿತು: ಒದ್ದೆಯಾದ, ಹೊಳೆಯುವ, ಗುಲಾಬಿ ಬಣ್ಣದ ಓಣಿ. ಜಠರ ದಾಟಿ ಕರುಳು ಶುರುವಾಗುವ ತಿರುವಿನಲ್ಲಿ ಒಂದು ಬಿಳಿ ಗುಣಿ. ಅದರ ಅಂಚಿನಲ್ಲಿ ಕಂದು ಕಲೆ. ನಾನು ಆಕೆಯನ್ನು ಮದುವೆಯಾಗಿ ಮೂರು ವರ್ಷವಾಗಿತ್ತು. ಅಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ.

ಆಮೇಲೆ ಜಠರದಿಂದ ಸಾಸಿವೆಕಾಳಿನಷ್ಟು ಚೂರು ಕಿತ್ತು, ಹಳದಿ ದ್ರಾವಣದಲ್ಲಿ ಹಾಕಿದರು. ಹುಣ್ಣು ಮಾಡುವ ಬ್ಯಾಕ್ಟೀರಿಯಾ ಇದ್ದರೆ ಬಣ್ಣ ಬದಲಾಗುತ್ತದೆ ಎಂದರು. ಹೊರಗೆ ಕೂತು ನೋಡುತ್ತಿದ್ದಂತೆ ಹಳದಿ ಕೆಂಪಾಗುತ್ತ ಬಂತು. ದಾನೇಶ್ವರಿ ಜೋಮು ಹಿಡಿದ ಗಂಟಲಿನಿಂದ ಹೇಳಿದಳು: "ಥೇಟ್ ನಮ್ಮ ಇಳಕಲ್ ಸೀರಿ ಸೆರಗಿನ ಬಣ್ಣ ನೋಡ್ರಿ. ಅಂಗಡ್ಯಾಗ ಇಟ್ರ ಹೋಗ್ತೈತಿ." ಹುಣ್ಣು ಪತ್ತೆಯಾದ ಕ್ಷಣದಲ್ಲಿ ಆಕೆ ಸಂತೋಷವಾಗಿದ್ದಳು ಎಂದು ನನ್ನ ಅಂದಾಜು. ಇಷ್ಟು ದಿನ "ಪಿತ್ತ, ಜೀರಿಗಿ ತಿನ್ನು" ಎಂದು ವಿಲೇವಾರಿಯಾಗುತ್ತಿದ್ದ ಕಡತಕ್ಕೆ ಕೊನೆಗೂ ಒಂದು ಹೆಸರು ಬಂದಿತ್ತು.

12. ಎರಡನೆಯ ಆಕ್ಷೇಪಣೆ: "ಹೆಣ್ಮಕ್ಕಳಿಗೆ ಅಲ್ಸರ್ ಹೆಂಗ ಆಕ್ಕೈತಿ? ಅದು ಟೆನ್ಷನ್ ಇದ್ದವರಿಗೆ ಆಗೂದು. ಆಫೀಸಿನ್ಯಾಗ ನನಗ ಆಗಬೇಕಿತ್ತು." ತಮಗೆ ಆಗಬೇಕಿದ್ದದ್ದು ಆಕೆಗೆ ಆಗಿದ್ದಕ್ಕೆ ವಿಷಾದಿಸುತ್ತೇನೆ. ಬ್ಯಾಕ್ಟೀರಿಯಾಕ್ಕೆ ಸೇವಾ ಹಿರಿತನದ ಪಟ್ಟಿ ತಲುಪಿರಲಿಲ್ಲ.

13. ವೈದ್ಯರು ಎರಡು ವಾರದ ಗುಳಿಗೆ ಕೊಟ್ಟು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ: "ಊಟದ ಜೋಡಿನೇ ಗುಳಿಗಿ. ಮುಂಜಾನಿ ಎಂಟಕ್ಕ, ಮಧ್ಯಾಹ್ನ ಒಂದಕ್ಕ, ರಾತ್ರಿ ಎಂಟಕ್ಕ ಉಣಬೇಕು, ಒಂದು ಹೊತ್ತೂ ತಪ್ಪಬಾರದು. ಖಾಲಿ ಹೊಟ್ಟಿಗೆ ತಗೊಂಡ್ರ ವಾಂತಿ ಆಕ್ಕೈತಿ, ಔಷಧ ಹೊರಗ ಬರ್ತೈತಿ. ನಡುವ ಬಿಟ್ರ ಹುಳ ಗಟ್ಟಿ ಆಕ್ಕಾವು. ಹಿಮೋಗ್ಲೋಬಿನ್ ಏಳು ಐತಿ. ಇನ್ನೊಮ್ಮೆ ರಕ್ತ ಹರದ್ರ ಇಲ್ಲಿಗೆ ಬರೂತನ ಉಳಿಯೂದು ಕಷ್ಟ." ನಿಮ್ಮ ಮನೆಯಲ್ಲಿ ಇದೇ ಉರಿ ಇರುವವರು ಇನ್ಯಾರಾದರೂ ಇದ್ದರೆ ಅವರನ್ನೂ ಕರೆತನ್ನಿ, ಒಂದೇ ಮನೆಯಲ್ಲಿ ಒಬ್ಬರಿಂದೊಬ್ಬರಿಗೆ ಹರಡುತ್ತದೆ ಎಂದೂ ಸೇರಿಸಿದರು.

14. ಇದನ್ನು ಜಾರಿಗೆ ತರುವಲ್ಲಿ ಎದುರಾದ ಆಡಳಿತಾತ್ಮಕ ತೊಡಕು ಮಧ್ಯಾಹ್ನದ್ದು (ಬೆಳಗಿನ ಮತ್ತು ರಾತ್ರಿಯ ಎಂಟು ಗಂಟೆ ಹೇಗೋ ಹೊಂದುತ್ತದೆ): ತಾವು ಸಂಘದಿಂದ ಬಂದು, ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ ಉಣ್ಣುವಾಗ ಎರಡೂವರೆ ದಾಟಿರುತ್ತದೆ. ತಮಗಿಂತ ಮೊದಲು ಈ ಮನೆಯ ಹೆಣ್ಣು ಉಣ್ಣುವಂತಿಲ್ಲ. ಬಸವ ಜಯಂತಿಯ ಸಭೆಯಲ್ಲಿ ತಾವು ಪ್ರತಿ ವರ್ಷ ಮಾಡುವ ಭಾಷಣ ನನಗೆ ಬಾಯಿಪಾಠವಾಗಿದೆ. ದಾಸೋಹದಲ್ಲಿ ಎಲ್ಲರಿಗೂ ಒಂದೇ ಪಂಕ್ತಿ, ಮೇಲಿಲ್ಲ ಕೆಳಗಿಲ್ಲ ಎನ್ನುವಾಗ ತಮ್ಮ ದನಿ ತುಂಬಿ ಬರುತ್ತದೆ. ಸಭೆ ಮುಗಿಸಿ ಮನೆಗೆ ಬಂದು ತಾವು ಮೊದಲು ಉಣ್ಣುತ್ತೀರಿ. ಆ ಭಾಷಣ ಮನೆಯ ಹೊಸ್ತಿಲಿನ ಒಳಗೆ ಅನ್ವಯಿಸುವುದಿಲ್ಲವೆಂದು ಸುತ್ತೋಲೆ ಹೊರಡಿಸಿದ್ದರೆ ಅದರ ಪ್ರತಿ ನನಗೆ ಬಂದಿಲ್ಲ.

15. ಮೊದಲ ದಿನ ಒಂದು ಗಂಟೆಗೆ ದಾನೇಶ್ವರಿ ತಾಟು ತೊಳೆದುಕೊಂಡು ಒಲೆಯ ಬಳಿ ನಿಂತಳು. ದೊಡ್ಡವ್ವ ಉಲ್ಲೇಖ (3)ರ ಷರಾ ನೀಡಿದರು. ಆಕೆ ತಾಟನ್ನು ಮತ್ತೆ ಅದರ ಜಾಗದಲ್ಲಿಟ್ಟು, ಗುಳಿಗೆಯನ್ನು ನೀರಿನಲ್ಲಿ ನುಂಗಿದಳು. ಹಿತ್ತಲಲ್ಲಿ ವಾಂತಿ. ಎರಡನೆಯ ದಿನವೂ ಅದೇ. ಸಂಜೆ ನಾನು ಪಡಸಾಲೆಗೆ ಬಂದು ತಮ್ಮೆದುರು ವಿಷಯ ಪ್ರಸ್ತಾಪಿಸಿದೆ. "ನಲವತ್ತು ವರ್ಷ ನಿಮ್ಮ ದೊಡ್ಡವ್ವ ಹಿಂದ ಉಂಡಾಳ. ಆಕಿಗೇನಾತು? ಕಲ್ಲಿದ್ದಂಗ ಇದ್ದಾಳ," ಎಂದಿರಿ. ದೊಡ್ಡವ್ವ ಬಾಗಿಲ ಮರೆಯಲ್ಲಿದ್ದರು. ಆಮೇಲೆ ತಾವು ಉಲ್ಲೇಖ (1)ರ ಆದೇಶ ಮಾಡಿದಿರಿ.

ಆದ್ದರಿಂದ ಇಂದು ಅಂಗಡಿಗೆ ರಜೆ ಹಾಕಿ, ತಾವು ಸಂಘಕ್ಕೆ ಹೋದ ಮೇಲೆ, ಅಡುಗೆಮನೆಯ ಬಾಗಿಲಲ್ಲಿ ಕುಳಿತು ಈ ಅರ್ಜಿ ಬರೆಯುತ್ತಿದ್ದೇನೆ. ನನ್ನ ಕೋರಿಕೆಗಳು: ಎಂಡೋಸ್ಕೋಪಿಗೆ ಘಟನೋತ್ತರ ಅನುಮೋದನೆ, ಎರಡು ವಾರದ ಮಟ್ಟಿಗೆ, ಇದನ್ನು ಮುಂದಿನವರು ಪೂರ್ವನಿದರ್ಶನವಾಗಿ ಪರಿಗಣಿಸಬಾರದೆಂಬ ಷರತ್ತಿಗೆ ಒಳಪಟ್ಟು, ಮಧ್ಯಾಹ್ನ ಒಂದಕ್ಕೆ ಆಕೆಗೆ

16. ಮೇಲಿನ ವಾಕ್ಯ ಅಪೂರ್ಣವಾಗಿರುವುದಕ್ಕೆ ಕಾರಣ: ದಾನೇಶ್ವರಿ ಹಿಂದೆ ಬಂದು ನಿಂತಳು.

"ಏನ್ ಬರ್ಯಾಕತ್ತೀರಿ ಮುಂಜಾನಿಂದ?"

"ಅರ್ಜಿ."

"ಯಾತಕ್ಕ?"

"ನಿನಗ ಮೊದಲ ಉಣ್ಣಾಕ ಮಂಜೂರಿ ಕೊಡ್ರಿ ಅಂತ."

ಆಕೆ ಹಾಳೆಗಳನ್ನು ಎತ್ತಿ ಓದಿದಳು. ಒಂಬತ್ತನೆಯ ಅಂಶವನ್ನು, ಮಗ್ಗುಲಲ್ಲಿ ಮಲಗುವ ನನಗೂ ಗೊತ್ತಿರಲಿಲ್ಲ ಎಂಬುದನ್ನು, ಎರಡು ಸಲ ಓದಿದಳು. ಆಮೇಲೆ ಕೇಳಿದಳು: "ಅವರು ಸಹಿ ಮಾಡೂತನ ನಾ ವಾಂತಿ ಮಾಡ್ಕೋತ ಕುಂದ್ರೂದೇನು? ನೀವೂ ಭಾಳ ಶಾಣ್ಯಾ ಇದ್ದೀರಿ ಬಿಡ್ರಿ. ಸರೀರಿ ಅತ್ತಾಗ, ದಾರ್ಯಾಗ ಕುಂತೀರಿ."

ನಾನು ಸರಿದೆ. ಆಕೆ ತಾಟು ತೆಗೆದುಕೊಂಡಳು, ಎರಡು ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು ಹಾಕಿಕೊಂಡಳು, ಪಡಸಾಲೆಗೆ ಹೋಗಿ ನಡುವೆ ಕುಳಿತಳು. ದೊಡ್ಡವ್ವ ಕೈಯಲ್ಲಿ ರೊಟ್ಟಿ ಹಿಟ್ಟು ಹಿಡಿದು ನೋಡುತ್ತ ನಿಂತರು. "ಯಜಮಾನರದು ಇನ್ನ..." ಎಂದರು.

"ಅವರಿಗೆ ಹಸಿವಿಲ್ರಿ ಅತ್ತಿ, ಹಸ್ತಿದ್ರ ಮನಿಗೆ ಬರ್ತಿದ್ರು," ಎಂದು ದಾನೇಶ್ವರಿ ಮೊದಲ ತುತ್ತು ಬಾಯಿಗಿಟ್ಟುಕೊಂಡಳು.

ಒಲೆಯ ಮೇಲೆ ರೊಟ್ಟಿ ಸೀದ ವಾಸನೆ ಬಂತು. ದೊಡ್ಡವ್ವ ಅದನ್ನು ಕೆಳಗಿಳಿಸಿದರು, ಬೆಂಕಿ ಆರಿಸಿದರು, ಕೈ ತೊಳೆದರು. ಆಮೇಲೆ ಅವರೂ ಒಂದು ತಾಟು ತಂದು ಸೊಸೆಯ ಮಗ್ಗುಲಿಗೆ ಕುಳಿತರು. "ಒಬ್ಬಾಕಿನ ಕುಂತ ಉಂಡ್ರ ಚೆಂದ ಕಾಣೂದಿಲ್ಲ, ಅದಕ್ಕ ಕುಂತೇನಿ," ಎಂದು ನನಗೆ ವಿವರಣೆ ಸಲ್ಲಿಸಿದರು. ಅರ್ಧ ರೊಟ್ಟಿ ಮುಗಿದ ಮೇಲೆ, ನನ್ನ ಕಡೆ ನೋಡದೆ, ದಾನೇಶ್ವರಿಯನ್ನು ಕೇಳಿದರು:

"ಆ ನಳಿಗಿ ಹಾಕುವಾಗ ಭಾಳ ತ್ರಾಸ ಆಕ್ಕೈತೇನ?"

"ಇಲ್ರಿ ಅತ್ತಿ. ಹುಳಿ ಬಂದಂಗ ಆಕ್ಕೈತಿ ಅಷ್ಟ. ಯಾಕ್ರಿ?"

"ಏನಿಲ್ಲ, ಸುಮ್ನ ಕೇಳ್ದೆ." ಇನ್ನೊಂದು ತುತ್ತು ಉಂಡರು. "ನನಗೂ ಇಲ್ಲೇ ಉರೀತೈತಿ. ನಿನ್ನ ಗಂಡ ಹುಟ್ಟೂಕಿಂತ ಮೊದಲಿಂದ."

17. ಕಾರಣ ಮೇಲಿನ ಕೋರಿಕೆಗಳನ್ನು ಹಿಂಪಡೆಯಲಾಗಿದೆ. ಯಾವುದಕ್ಕೆ ಅನುಮತಿ ಕೋರಲಾಗಿತ್ತೋ ಅದು ಒಂದು ಗಂಟೆಗೆ ಪಡಸಾಲೆಯಲ್ಲಿ ನೆರವೇರಿದೆ. ಗುಳಿಗೆ ಹೊಟ್ಟೆಯಲ್ಲಿ ಉಳಿದಿದೆ. ಈ ಅರ್ಜಿಯನ್ನು ಮಾಹಿತಿಗಾಗಿ ಮಾತ್ರ ಸಲ್ಲಿಸಲಾಗಿದೆ.

ತಮ್ಮ ವಿಶ್ವಾಸಿ, ಇಂದು ಮೂರನೆಯವನಾಗಿ ಉಂಡವನು,

ವಿಜಯಮಹಾಂತೇಶ

ಸ್ಥಳ: ಅಡುಗೆಮನೆಯ ಬಾಗಿಲು, ಇಳಕಲ್
ವೇಳೆ: ಎರಡು ಗಂಟೆ, ತಾವು ಇನ್ನೂ ಬಂದಿಲ್ಲ

ಲಗತ್ತುಗಳು:
1) ಹುಣ್ಣಿನ ಬಣ್ಣದ ಭಾವಚಿತ್ರ, ಒಂದು. (ಕಪಾಟಿನಲ್ಲಿ ಇಡಲು ದಾನೇಶ್ವರಿ ಒಪ್ಪಿಲ್ಲ.)
2) ರಕ್ತ ಪರೀಕ್ಷೆಯ ವರದಿ.
3) ಗುಳಿಗೆಯ ವೇಳಾಪಟ್ಟಿ; ಅಡುಗೆಮನೆಯ ಗೋಡೆಗೆ ಅಂಟಿಸಲಾಗಿದೆ, ಅಲ್ಲಿಗೆ ಬಂದು ಓದಿಕೊಳ್ಳತಕ್ಕದ್ದು.

ಪ್ರತಿ: ಶ್ರೀಮತಿ ಬಾಳಮ್ಮ, ಹುನಗುಂದ. (ಸೋಮವಾರ ಬಸ್ ನಿಲ್ದಾಣಕ್ಕೆ ದಯವಿಟ್ಟು ಬರಬಾರದು.)

ವಿಶೇಷ ಸೂಚನೆ: ಸೋಮವಾರ ನವನಗರದಲ್ಲಿ ಶ್ರೀಮತಿ ಚಂದವ್ವನವರ ಎಂಡೋಸ್ಕೋಪಿಯನ್ನು ಈಗಷ್ಟೇ ಫೋನ್ ಮಾಡಿ ಗೊತ್ತುಮಾಡಲಾಗಿದೆ. ಜೊತೆಗೆ ಒಬ್ಬರು ಬೇಕು ಎಂದಾಗ ಅವರು ಯಜಮಾನರ ಹೆಸರು, ಅಂದರೆ ತಮ್ಮದು, ಹೇಳಿದ್ದಾರೆ. ನೀರಿನ ಬಾಟಲಿ ತಾವು ಹಿಡಿಯಬೇಕು. ಹೊರಗೆ ಬೆಂಚಿನ ಮೇಲೆ ಕುಳಿತಿರಬೇಕು. ಪರೀಕ್ಷೆ ಮುಗಿದು, ಗಂಟಲಿನ ಜೋಮು ಇಳಿದು, ಅವರು ತಾಟಿನ ಮುಂದೆ ಕುಳಿತು ಹೊಟ್ಟೆ ತುಂಬ ಉಂಡು ಕೈ ತೊಳೆದ ನಂತರ ಉಳಿದಿದ್ದರೆ, ತಾವು ಉಣ್ಣಬೇಕಾಗಿ ವಿನಂತಿ.